ಮುಚ್ಚಳದ ಮೇಲಿನ ಅಕ್ಷರ

ಗುತ್ತೂರು
೮ ಜೂನ್ ೨೦೨೫, ಭಾನುವಾರ

ಬೀಬಕ್ಕಾ,

ಟ್ರಸ್ಟಿನೋರು ಕೊಡ್ತೀವಿ ಅಂದಿದ್ದು: ಹೊಸ ಕುಕ್ಕರ್. ಕೈಗವಸು. ಹೊಗೆ ಎಳೆಯೋ ಫ್ಯಾನು. ಇಎಸ್ಐ. ವಾರಕ್ಕೊಂದು ರಜೆ.

ಕೊಟ್ಟಿದ್ದು: ಹಳೇ ಕುಕ್ಕರಿಗೆ ರಿಪೇರಿ. ಬಿಸಿ ಪಾತ್ರೆ ಹಿಡಿಯಾಕೆ ಹರಿದ ಗೋಣಿಚೀಲ. ಫ್ಯಾನು ಕೂಡ್ಸಾಕೆ ಗೋಡೇಲಿ ತೂತು ಹೊಡೆದಾರೆ, ಫ್ಯಾನು ಬಂದಿಲ್ಲ, ತೂತಿನಾಗೆ ಇಲಿ ಬರ್ತೈತೆ. ಇಎಸ್ಐ ಇಲ್ಲ, ಯಾಕಂದ್ರೆ ನಾವು ಕೆಲಸದವರಲ್ಲವಂತೆ, 'ಸೇವಕಿಯರು' ಅಂತೆ. ರಜೆ ಇಲ್ಲ, ಯಾಕಂದ್ರೆ ಹಸಿವಿಗೆ ರಜೆ ಇಲ್ಲವಂತೆ. ಹಸಿದೋರ ಹೆಸರಲ್ಲಿ ಹೊಟ್ಟೆ ತುಂಬಿದೋರು ಎಷ್ಟು ಚೆಂದ ಮಾತಾಡ್ತಾರೆ ನೋಡು.

ನೀನು ಈ ಅಡುಗೆಮನೇಲಿ ಇದ್ದಾಗ ಬರೆದುಕೊಟ್ಟ ಮನವೀಲಿ ಇದ್ದಿದ್ದೂ ಇವೇ. ಆ ಮನವಿಗೆ ಸಿಕ್ಕ ಉತ್ತರ ನಿನ್ನ ಕೆಲಸ ಹೋಗಿದ್ದು. ಟ್ರಸ್ಟಿನ ಹೆಸರು 'ತುಂಬಿದ ತಟ್ಟೆ'. ಆ ತಟ್ಟೆಗೆ ದಾನ ಕೊಡೋರು ಕೇಳ್ತಾರೆ, ಸಾಬರ ಹೆಂಗಸು ಸಾರು ಮಾಡ್ತಾಳಾ ಅಂತ, ಅಂದ್ರು. ಒಲೆ ಕೇಳಿರಲಿಲ್ಲ. ಬ್ಯಾಳೆ ಕೇಳಿರಲಿಲ್ಲ. ಊಟ ಹೋಗೋ ಹಾಸ್ಟೆಲ್ ಹುಡುಗರೂ, ಫ್ಯಾಕ್ಟರಿ ಕ್ಯಾಂಟೀನಿನೋರೂ ಕೇಳಿರಲಿಲ್ಲ.

ನಮ್ಮ ಉಪಾಯಗಳು ಹೆಂಗೆ ನಡೆದಾವೆ ಅಂತ ಕೇಳಿದ್ದೆ. ಸೌಟಿನ ಮುರಿದ ಹಿಡಿಗೆ ಸೈಕಲ್ ಟ್ಯೂಬು ಸುತ್ತೀವಿ. ಜರಡಿ ಹರಿದಲ್ಲಿ ಸೊಳ್ಳೆಪರದೆ ಹೊಲಿದೀವಿ. ಸಡ್ಲಾದ ಗ್ಯಾಸ್ಕೆಟ್ ತಣ್ಣೀರಾಗೆ ನೆನೆ ಹಾಕ್ತೀವಿ, ಒಂದು ಒಲೆ ಹೊತ್ತಿಗೆ ಬಿಗಿ ಹಿಡಿತೈತೆ. ಅದೂ ಆಗದಿದ್ರೆ ನೀನು ಕಲಿಸಿದ ದಮ್ ಹಿಟ್ಟು: ಮೈದಾ ಮೆತ್ತಗೆ ಕಲಸಿ ಮುಚ್ಚಳದ ಅಂಚಿಗೆ ಬಳಿದುಬಿಡೋದು. ಯಾವುದು ಕೇಳಿದ್ರೂ ಸೂಪರ್‌ವೈಸರ್ ಬಾಯಲ್ಲಿ ಒಂದೇ ಮಂತ್ರ: 'ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಮ್ಮ.'

ಬ್ಯಾಳೆ ಬೇಯಿಸೋ ದೊಡ್ಡ ಕುಕ್ಕರ್ ದಾವಣಗೆರೇಲಿ ರಿಪೇರಿ ಆಗಿ ಬಂತು. ಉಗಿ ಜಾಸ್ತಿ ಆದ್ರೆ ತಾನೇ ಬಿಚ್ಚಿಕೊಳ್ಳೋ ಗುಂಡಿ ಇರ್ತಿತ್ತಲ್ಲ, ಸೇಫ್ಟಿ ವಾಲ್ವು, ಆ ಜಾಗದಾಗೆ ದಪ್ಪ ಬೋಲ್ಟು ಕೂತೈತೆ. ಪಕ್ಕದಾಗೆ ಚುಕ್ಕಿ ಚುಕ್ಕಿಯಾಗಿ ನಿಮ್ಮ ಅಕ್ಷರ ಕೊರೆದಾರೆ. ನಮ್ಮ ಶಾಂತಲಾ, ನೀನು ಹೋದ ಮ್ಯಾಲೆ ನಿನ್ನ ಜಾಗಕ್ಕೆ ಬಂದ ಹುಡುಗಿ, ಅದನ್ನ ನೋಡಿ 'ದರ್ಗಾದ ಬಾಗಿಲ ಮ್ಯಾಲೆ ಇದ್ದಂಗೈತೆ ಅಕ್ಕಾ, ಕಾಯ್ತೈತೆ' ಅಂತಾಳೆ. ದಿನಾ ಒಲೆ ಹಚ್ಚೋ ಮುಂಚೆ ಅದಕ್ಕೆ ಕುಂಕುಮ ಇಟ್ಟು ಕಣ್ಣಿಗೊತ್ತಿಕೊಳ್ತಾಳೆ. ಇರ್ಲಿ ಬಿಡು, ಟ್ರಸ್ಟಿನೋರಂತೂ ಕಾಯಲ್ಲ.

ಫೋನು ನನ್ನ ಮಗನ ಕೈಲಿ ಇರ್ತೈತೆ. ಅಕ್ಷರ ಕಲಿತಿದ್ದೇ ಬರೆಯಾಕೆ ಅಂತ ನೀನೇ ಅಂದಿದ್ದೆ. ಹಾಲಿನ ಗಾಡಿ ಗಣೇಶನ ಕೈಲಿ ಕಳಿಸೀನಿ. ಬರಿ.

ನಿನ್ನ
ಉಡಚಮ್ಮ

*

ದಾವಣಗೆರೆ
೧೫ ಜೂನ್ ೨೦೨೫

ಏ ಉಡಚಿ,

ಕಾಗದ ಓದಿ ನಗಬೇಕೋ ಬೈಬೇಕೋ ತಿಳೀಲಿಲ್ಲ. ಎರಡೂ ಮಾಡಿದೆ.

ಎಸ್.ಎಸ್. ಬಡಾವಣೇಲಿ ನಾನು ಅಡುಗೆ ಮಾಡೋ ಮನೇಲಿ ಹಿಟ್ಟು ಕಲಸಾಕೆ ಮಷಿನು, ಬೆಳ್ಳುಳ್ಳಿ ಸುಲಿಯಾಕೆ ಮಷಿನು. ಆ ಅಮ್ಮ ಫೋನಿನಾಗೆ 'ಕಿಚನ್ ಟಿಪ್ಸ್' ನೋಡ್ತಾ ಕೂಡ್ತಾಳೆ. ಉಳ್ಳೋರ ಮನೇಲಿ ಉಪಾಯ ಅಂದ್ರೆ ಹೊತ್ತು ಕಳೆಯೋ ಆಟ. ನಮಗೆ ಉಪಾಯ ಅಂದ್ರೆ ಕೊಡಬೇಕಾದೋನು ಕೊಡದೆ ಇದ್ದಿದ್ದು. ಒಂದೊಂದು ಉಪಾಯದ ಹಿಂದೂ ಒಬ್ಬ ಕಳ್ಳ ನಿಂತಿರ್ತಾನೆ, ನೆನಪಿಟ್ಕೋ.

ದಮ್ ಹಿಟ್ಟು ಬಿರಿಯಾನಿ ದೇಗ್ಚಿಗೆ ಮಾತ್ರ ಕಣೆ. ಸಣ್ಣ ಉರಿ, ಉಗಿ ಹೆಚ್ಚಾದ್ರೆ ಹಿಟ್ಟು ಬಿರುಕು ಬಿಟ್ಟು ದಾರಿ ಕೊಡ್ತೈತೆ. ಕುಕ್ಕರಿನ ಕತೆ ಬ್ಯಾರೆ. ಬೋಲ್ಟು ಯಾಕ ಹಾಕಿಸಿದ ಅಂತ ಆ ಸೂಪರ್‌ವೈಸರನ್ನ ಕೇಳು. ಬಾಯಲ್ಲಿ ಬ್ಯಾಡ, ಬರೆದು ಕೇಳು.

ಮುಚ್ಚಳಕ್ಕೆ ಕುಂಕುಮ ಇಡೋ ನಿಮ್ಮ ಭಕ್ತೆಗೆ ಹೇಳು, ಅದು ಯಾವನೋ ಅಂಗಡಿಯೋನ ಹೆಸರಿರಬೇಕು. ನಮ್ಮ ಮನೆಯೋರೂ ಫುಟ್‌ಪಾತಿನಾಗೆ ಕೂತು ಕುಕ್ಕರು ಸ್ಟೋವು ರಿಪೇರಿ ಮಾಡ್ತಾರೆ, ಮದುವೆ ಪಾತ್ರೆ ಮ್ಯಾಲೆ ಹೆಸರು ಕೊರೀತಾರೆ. ನನ್ನ ಗಂಡ ಹಯಾತ್ ಸಾಬರ ಅಕ್ಷರಕ್ಕೆ ಇವತ್ತಿನತನಕ ಯಾರೂ ಕೈ ಮುಗಿದಿಲ್ಲ. ನಾನಂತೂ ಮುಗಿಯಲ್ಲ.

ನಿನ್ನ
ಬೀಬಿಜಾನ್

*

ಗುತ್ತೂರು
೨೦ ಜುಲೈ ೨೦೨೫

ಬೀಬಕ್ಕಾ,

ಸೂಪರ್‌ವೈಸರನ್ನ ಬೋಲ್ಟಿನ ಮಾತು ಬರೆದು ಕೇಳಿದೆ. ಚೀಟಿ ಓದಿ ಜೇಬಿಗೆ ಹಾಕ್ಕೊಂಡ. 'ವಾಲ್ವು ಪದೇ ಪದೇ ಹೋಗ್ತೈತೆ. ಬೋಲ್ಟು ಗಟ್ಟಿ. ಗಟ್ಟಿ ಇದ್ರೆ ಒಳ್ಳೇದಲ್ವೇನಮ್ಮ?' ಅಂದ.

ನಿನಗೆ ನಗು ಬರೋ ಸುದ್ದಿ ಒಂದು ಹೇಳ್ತೀನಿ. ಟ್ರಸ್ಟಿನೋರು ಹರಿಹರದಾಗೆ ಕಾರ್ಯಕ್ರಮ ಇಟ್ಟಿದ್ರು, 'ಜಾಣ ಅಡುಗೆಯವರು' ಅಂತ. ಶಾಮಿಯಾನ, ಮೈಕು, ಫೋನು ಹಿಡಿದು ವಿಡಿಯೋ ಮಾಡೋರು. ನಿಮ್ಮ ನಿಮ್ಮ ಉಪಾಯ ಹೇಳ್ರಿ ಅಂದ್ರು. ಶಾಂತಲಾ ಸೊಳ್ಳೆಪರದೆ ಜರಡಿ ತೋರಿಸಿದ್ಲು, ಚಪ್ಪಾಳೆ ಬಿತ್ತು. ನಾನು ದಮ್ ಹಿಟ್ಟು ಹೇಳಿದೆ. ಎದೆ ಉಬ್ಬಿಸಿ ಹೇಳಿದೆ, ಇದು ನನ್ನ ಬುದ್ಧಿ ಅಲ್ಲ, ನೀವು ತೆಗೆದು ಹಾಕಿದ್ರಲ್ಲ ಬೀಬಿಜಾನ್, ಅವಳು ಕಲಿಸಿದ್ದು ಅಂತ. ಮೈಕಿನಾಗೆ ನಿನ್ನ ಹೆಸರು ಕೇಳಿಸಲಿ ಅಂತಾನೇ ಹೇಳಿದೆ. ವೇದಿಕೆ ಮ್ಯಾಲಿದ್ದೋರು ಮುಖ ಮುಖ ನೋಡಿಕೊಂಡ್ರು, ಆಮ್ಯಾಲೆ ಅವರೂ ಚಪ್ಪಾಳೆ ಹೊಡೆದ್ರು.

ಬಹುಮಾನ ಗೋಡೆ ಗಡಿಯಾರ. ಕುಕ್ಕರ್ ಕೇಳಿದೋರಿಗೆ ಗಡಿಯಾರ. ದಸರಾ ಕಳೀಲಿ, ಹೊಸ ಕುಕ್ಕರ್ ಗ್ಯಾರಂಟಿ ಅಂತ ಮೈಕಿನಾಗೇ ಅಂದ್ರು. ಗಡಿಯಾರ ಅಡುಗೆಮನೇಲಿ ತೂಗು ಹಾಕೀವಿ, ದಸರಾ ಬರೋದು ನೋಡಾಕೆ.

ಶಾಂತಲಾ ನಿನ್ನ ಕೇಳ್ತಾಳೆ. ಒಂದ್ಸಲ ನೋಡಬೇಕಂತೆ, ಹಿಟ್ಟು ಕಲಿಸಿದಾಕೆ ಹೆಂಗಿದಾಳೆ ಅಂತ.

ಉಡಚಮ್ಮ

*

ದಾವಣಗೆರೆ, ಆಸ್ಪತ್ರೆ
೨೧ ಆಗಸ್ಟ್ ೨೦೨೫

ಉಡಚಿ,

ಗಣೇಶ ಸುದ್ದಿ ಹೇಳಿದ, ಓಡಿ ಬಂದೆ. ವರಾಂಡದಾಗೆ ಕೂತು ಬರೀತಿದೀನಿ. ಶಾಂತಲಾ ಉಸಿರಾಡ್ತಿದಾಳೆ. ಅಷ್ಟು ಹೇಳಬಲ್ಲೆ.

ಮುಖ, ಕುತ್ತಿಗೆ, ಎರಡೂ ಕೈ, ಎದೆ. ಕುದಿಯೋ ನೀರಿಗಿಂತ ಬ್ಯಾಳೆ ಕೆಟ್ಟದ್ದು ಅಂತ ಇಲ್ಲಿ ಬಂದು ಕಲಿತೆ. ನೀರು ಹರಿದು ಹೋಗ್ತೈತೆ. ಬ್ಯಾಳೆ ಅಂಟಿಕೊಂಡು ಕೂತು ಸುಡ್ತೈತೆ.

ಅವಳ ತಾಯಿ ನಾಗರತ್ನಮ್ಮ ಕಲ್ಲಿನಂಗೆ ಕೂತಾಳೆ. ಹಗಲು ಅವಳು, ಸಂಜೆ ನಾನು. ಇಲ್ಲೂ ನಮಗೆ ಉಪಾಯವೇ ಗತಿ. ಹೊದಿಕೆ ಮೈಗೆ ತಾಗಬಾರದು ಅಂತ ಹಣ್ಣಿನ ಬಿದಿರು ಬುಟ್ಟಿ ಸೀಳಿ ಕಮಾನು ಮಾಡಿ, ಮ್ಯಾಲೆ ಸೀರೆ ಹಾಸೀನಿ. ತುಟಿ ಬಿಚ್ಚಾಕೆ ಆಗಲ್ಲ, ನರ್ಸಮ್ಮನ್ನ ಕೇಳಿಕೊಂಡು ದೀಪದ ಬತ್ತಿ ಎಳನೀರಾಗೆ ಅದ್ದಿ ತೊಟ್ಟು ತೊಟ್ಟಾಗಿ ಬಿಡ್ತೀನಿ. 'ಎಲ್ಲಿ ಕಲಿತೆ ಇದನ್ನ?' ಅಂದ್ಲು ನರ್ಸಮ್ಮ. ಏನು ಹೇಳ್ಲಿ.

ನಿನ್ನೆ ಅವಳಿಗೆ ಮಾತು ಬಂತು. ನಾನು ಬೀಬಿಜಾನ್ ಅಂದೆ. ನೋಡಬೇಕು ಅಂದಿದ್ದಳಲ್ಲ, ಕಣ್ಣು ಬಿಡಾಕೆ ಆಗಲಿಲ್ಲ. ಅವಳು ಕೇಳಿದ್ದು ಒಂದೇ: 'ಕುಕ್ಕರ್ ಹೋಯ್ತಾ ಅಕ್ಕಾ? ಸಂಬಳದಾಗೆ ಹಿಡೀತಾರಾ?'

ಏನಾಯ್ತು ಬರಿ. ಇದ್ದದ್ದು ಇದ್ದಂಗೆ ಬರಿ.

ಬೀಬಿಜಾನ್

*

ಗುತ್ತೂರು
೩೧ ಆಗಸ್ಟ್ ೨೦೨೫

ಬೀಬಕ್ಕಾ,

ಇದ್ದದ್ದು ಇದ್ದಂಗೆ.

ಅವತ್ತು ಬ್ಯಾಳೆ ಒಲೆ ಮ್ಯಾಲೆ. ಅಂಚಿನಾಗೆ ಉಗಿ ಸೋರ್ತಿತ್ತು, ಬ್ಯಾಳೆ ಬೇಯವಲ್ದು. ಹಾಸ್ಟೆಲ್ಲಿನ ಗಾಡಿ ಬಂದು ಹಾರನ್ ಹೊಡೀತಿತ್ತು. ಸೂಪರ್‌ವೈಸರ್ ಬಾಗಿಲಾಗೆ ನಿಂತು ಅಡ್ಜಸ್ಟ್ ಅಡ್ಜಸ್ಟ್ ಅಂತಿದ್ದ. ಶಾಂತಲಾ ಹಿಟ್ಟು ಬಳಿದ್ಲು. ದೇಗ್ಚಿಗೆ ಮಾತ್ರ ಅಂತ ನೀನು ಬರೆದಿದ್ದೆ, ಆ ಗಡಿಬಿಡೀಲಿ ನನಗೆ ನೆನಪಾಗಲಿಲ್ಲ. ಸೋರೋದು ನಿಂತಿತು. ಸೀಟಿ ಬರಲಿಲ್ಲ, ಸೀಟಿ ತೂತಿಗೆ ಬ್ಯಾಳೆ ಸಿಪ್ಪೆ ಕಟ್ಟಿಕೊಂಡಿತ್ತೋ ಏನೋ. ಒಳಗಿನ ಉಗಿಗೆ ಹೋಗಾಕೆ ಇದ್ದ ಇನ್ನೊಂದು ದಾರಿ ವಾಲ್ವು. ಅಲ್ಲಿ ಬೋಲ್ಟು. 'ಯಾಕೋ ಸುಮ್ಮನಾತಲ್ಲಕ್ಕಾ' ಅಂತ ಅವಳು ಬಗ್ಗಿದ್ಲು.

ಮುಚ್ಚಳ ತಗಡಿನ ಮಾಡು ಒಡೆದು ಹಾರಿ ಹೋಯ್ತು. ಗಡಿಯಾರ ಬಿದ್ದು ಚೂರಾಯ್ತು. ನಾನು ಆಚೆ ಅನ್ನ ಬಸೀತಿದ್ದೆ. ನನಗೆ ಏನೂ ಆಗಲಿಲ್ಲ. ಇದನ್ನ ಬರೆಯಾಕೆ ಕೈ ಬರ್ತಿಲ್ಲ, ಆದರೂ ಬರೆದೆ.

ಈಗ ಕೇಳು. ಟ್ರಸ್ಟಿನೋರು ಟೈಪು ಮಾಡಿಸಿದ ಕಾಗದ ತಂದಾರೆ. ನಾನು ಸಹಿ ಹಾಕಬೇಕಂತೆ. ಕುಕ್ಕರಿನಾಗೆ ದೋಷ ಇರಲಿಲ್ಲ, ಬೀಬಿಜಾನ್ ಎಂಬಾಕೆ ಹೇಳಿಕೊಟ್ಟ ಹಿಟ್ಟಿನ ಪದ್ಧತಿಯನ್ನ ಅಡುಗೆಯೋರು ಸ್ವಂತ ಬುದ್ಧಿಯಿಂದ ಮಾಡಿ ಅನಾಹುತ ಮಾಡಿಕೊಂಡರು, ಅಂತ ಐತೆ. ಆ ವಿಡಿಯೋನೇ ಸಾಕ್ಷಿಯಂತೆ. ಶಾಮಿಯಾನದಾಗೆ ನಾವು ಜಾಣರು. ಆಸ್ಪತ್ರೆ ಸೇರಿದ ಮ್ಯಾಲೆ ಅದೇ ಜಾಣತನ ಅಪರಾಧ. ಸಹಿ ಹಾಕಿದ್ರೆ ನಾಗರತ್ನಮ್ಮನಿಗೆ ಪರಿಹಾರ ಕೊಡ್ತೀವಿ, ನನ್ನ ಕೆಲಸ ಉಳೀತೈತೆ ಅಂತಾರೆ. ಹಾಕದಿದ್ರೆ ಎರಡೂ ಇಲ್ಲ.

ಮುಚ್ಚಳ ಹುಡುಕ್ತಿದಾರೆ. ಅದು ಹಿತ್ತಲ ಜಾಲಿ ಪೊದೇಲಿ ಬಿದ್ದಿತ್ತು, ನಾನು ಸೆರಗಿನಾಗೆ ಸುತ್ತಿಕೊಂಡು ಬಂದೆ. ನಮ್ಮ ಬಚ್ಚಲ ಹಂಡೆ ಮ್ಯಾಲೆ ಮುಚ್ಚೀನಿ, ಬೋಲ್ಟು ಅಲುಗಿಲ್ಲ, ಕೂತಲ್ಲೇ ಕೂತೈತೆ. ಮೊನ್ನೆ ಸೂಪರ್‌ವೈಸರ್ ಮನೆಗೇ ಬಂದ, ಮಂಚದ ಕೆಳಗೆ, ಅಟ್ಟದ ಮ್ಯಾಲೆ ಎಲ್ಲಾ ನೋಡಿದ. ಬೆವೆತಿದ್ದ. ಕತ್ತಲೆ ಬಚ್ಚಲಿಗೆ ಹೋಗಿ ತಾನೇ ಮುಚ್ಚಳ ಎತ್ತಿ ಮುಖ ತೊಳೆದುಕೊಂಡು, ಮತ್ತೆ ಮುಚ್ಚಿ ಹೋದ. ಬಡವರ ಮನೇಲಿ ಯಾವುದು ಯಾವುದಕ್ಕೆ ಮುಚ್ಚಳ ಅಂತ ಅವರು ಯಾವತ್ತು ನೋಡ್ಯಾರೆ.

ಶಾಂತಲಾಗೆ ಹೇಳು, ಸಂಬಳದಾಗೆ ಹಿಡಿಯಲ್ಲ ಅಂತ ಹೇಳು.

ಉಡಚಮ್ಮ

*

ದಾವಣಗೆರೆ
೨೨ ಸೆಪ್ಟೆಂಬರ್ ೨೦೨೫

ಉಡಚಮ್ಮನವರಿಗೆ,

ಶಾಂತಲಾನ ಮಣ್ಣಿಗೆ ಬಂದಿದ್ದೆ. ದೂರ ನಿಂತಿದ್ದೆ. ನೀವು ನನ್ನ ಮುಖ ನೋಡಲಿಲ್ಲ.

ನಿನ್ನೆ ಟ್ರಸ್ಟಿನೋರು ಇಬ್ಬರು ಮನೆಗೆ ಬಂದಿದ್ರು. ಓಣಿ ಮಂದಿ ಎದುರಿಗೇ ವಿಡಿಯೋ ಹಚ್ಚಿ ತೋರಿಸಿದ್ರು. ಅದರಾಗೆ ನಿಮ್ಮ ದನಿ, ನನ್ನ ಹೆಸರು. ಈಗ ಓಣೀಲಿ ನಾನು ಹುಡುಗೀನ ಕೊಂದ ಹಿಟ್ಟಿನೋಳು. ಎಸ್.ಎಸ್. ಬಡಾವಣೆ ಅಮ್ಮ ನಾಳೆಯಿಂದ ಬರಬ್ಯಾಡ ಅಂದಾಳೆ. ಮಷಿನು ಐತಲ್ಲ, ಕಲಸಿಕೊಳ್ತೈತೆ.

ಉಡಚಮ್ಮ ಸಹಿ ಹಾಕ್ಯಾಳೆ ಅಂದ್ರು ಅವರು. ಹೌದೋ ಅಲ್ಲೋ ನಾನು ಕೇಳಲ್ಲ. ಹಸಿವು ನನಗೂ ಗೊತ್ತು. ಆದರೆ ಒಂದು ಹೇಳ್ತೀನಿ. ನನ್ನ ಎರಡನೇ ಸಲ ತೆಗೆದು ಹಾಕೋದಾದ್ರೆ ಅವರ ಕೈಲಿ ಹಾಕಿಸಬ್ಯಾಡ್ರಿ, ನೀವೇ ಬಂದು ಹಾಕ್ರಿ.

ಬಿದಿರು ಬುಟ್ಟಿ ನನ್ನ ಹತ್ರನೇ ಐತೆ. ಅದನ್ನ ಏನು ಮಾಡಬೇಕೋ ತಿಳೀವಲ್ದು.

ಬೀಬಿಜಾನ್

*

ಗುತ್ತೂರು
೫ ಅಕ್ಟೋಬರ್ ೨೦೨೫

ಬೀಬಕ್ಕಾ,

ನನ್ನ 'ನೀವು' ಅನ್ನಬ್ಯಾಡ. ಬೈಯಿ, ಹೊಡಿ, ಏ ಉಡಚಿ ಅನ್ನು.

ಸಹಿ ಹಾಕಿಲ್ಲ. ಮಣ್ಣಿನ ದಿನ ಟ್ರಸ್ಟಿನೋರು ನನ್ನ ಎರಡೂ ಪಕ್ಕ ನಿಂತಿದ್ರು. ನಿನ್ನ ಮುಖ ನೋಡಿದ್ರೆ ನಾನು ಓಡಿ ಬಂದು ನಿನ್ನ ಹೆಗಲಿಗೆ ಬೀಳ್ತಿದ್ದೆ. ನೋಡ್ರಿ, ಇಬ್ಬರೂ ಸೇರಿ ಮಾಡಿದ್ದು ಅಂತಿದ್ರು. ಅದಕ್ಕೆ ನೋಡಲಿಲ್ಲ. ಅದು ಸರಿಯೋ ತಪ್ಪೋ, ಆವತ್ತು ನನಗೆ ತಿಳಿದಿದ್ದು ಅಷ್ಟೇ.

ಆದರೆ ಕೇಳು ಅಕ್ಕಾ. ನಾಗರತ್ನಮ್ಮ ಮೂರು ಸಂಜೆ ಬಂದು ನನ್ನ ಬಾಗಿಲಾಗೆ ಕೂತ್ಲು. ಬೈಯಲಿಲ್ಲ, ಅಳಲಿಲ್ಲ. 'ಹೋದೋಳು ಹೋದ್ಲು. ಅವಳ ಕೂಸು ಕೀರ್ತನಾನ ನಾನು ಸಾಕಬೇಕಲ್ಲ ಉಡಚಮ್ಮ, ಒಂದು ಸಹಿ ಹಾಕಿಬಿಡು' ಅಂತಾಳೆ. ಟ್ರಸ್ಟಿನೋರ ಎದುರು ನಿಲ್ಲಬಲ್ಲೆ. ಈ ಮುದುಕಿ ಎದುರು ಹೆಂಗೆ ನಿಲ್ಲಲಿ?

ನಿನ್ನೆ ಹಂಡೆ ಮ್ಯಾಲಿನ ಮುಚ್ಚಳ ತೆಗೆದು ನೋಡಿದೆ. ಆ ಅಕ್ಷರದ ಚುಕ್ಕೀಲಿ ಅವಳು ಇಟ್ಟ ಕುಂಕುಮ ಇನ್ನೂ ಕೂತೈತೆ. ಇಷ್ಟು ಪೂಜೆ ಮಾಡಿದ್ಲಲ್ಲ, ಯಾಕ ಕಾಯಲಿಲ್ಲ ಅಂತ ಸಿಟ್ಟು ಬಂತು. ಯಾವ ದೇವರ ಮಾತು ಅದು ಅಂತ ತಿಳೀಬೇಕು. ಕೀರ್ತನಾ ಇಲ್ಲಿ ಬಿಟ್ಟು ಹೋಗಿದ್ದ ಡ್ರಾಯಿಂಗ್ ಹಾಳೆ ಅದರ ಮ್ಯಾಲಿಟ್ಟು ಒಲೆ ಇದ್ದಿಲಿನಿಂದ ತಿಕ್ಕಿದೆ, ಚಿಕ್ಕೋರಿದ್ದಾಗ ನಾಣ್ಯದ ಮ್ಯಾಲೆ ತಿಕ್ಕುತಿದ್ವಲ್ಲ ಹಂಗೆ. ಅಚ್ಚು ಬಿದ್ದೈತೆ. ಇದರ ಜೊತೇಲಿಟ್ಟೀನಿ.

ಓದಿ ಹೇಳು. ನಾಗರತ್ನಮ್ಮನಿಗೆ ಇನ್ನು ಒಂದು ವಾರ ತಾಳು ಅಂದೀನಿ. ಆಮ್ಯಾಲೆ ನಾನು ತಾಳ್ತೀನೋ ಇಲ್ಲೋ ಗೊತ್ತಿಲ್ಲ.

ಉಡಚಿ

*

ದಾವಣಗೆರೆ
೯ ಅಕ್ಟೋಬರ್ ೨೦೨೫

ಏ ಉಡಚಿ,

ಸಹಿ ಹಾಕಬ್ಯಾಡ.

ಅದು ದೇವರ ಮಾತಲ್ಲ. ಉರ್ದು. ಹಿಂಗೈತೆ: 'ವಾಲ್ವ್ ಖರಾಬ್. ಬೋಲ್ಟ್ ಮತ್ ಲಗಾನಾ. ಚೂಲೇ ಪೆ ಮತ್ ರಖ್ನಾ. ಜಾನ್ ಜಾಯೇಗಿ.' ಕೆಳಗೆ ಮೇ ತಿಂಗಳ ತಾರೀಕು. ಅದರ ಕೆಳಗೆ ಹೆಸರು: ಹಯಾತ್.

ವಾಲ್ವು ಕೆಟ್ಟೈತೆ. ಬೋಲ್ಟು ಹಾಕಬ್ಯಾಡ್ರಿ. ಒಲೆ ಮ್ಯಾಲೆ ಇಡಬ್ಯಾಡ್ರಿ. ಜೀವ ಹೋಗ್ತೈತೆ.

ಹಾಳೆ ತಗೊಂಡು ನಮ್ಮ ಮನೆಯೋರ ಅಂಗಡಿಗೆ ಹೋದೆ. ಮುಂದಿಟ್ಟೆ. ನೋಡಿದ್ರು, ಕನ್ನಡಕ ತೆಗೆದ್ರು. ತಾನು ಮಾಡಲ್ಲ ಅಂದ ಕೆಲಸಾನ ಪಾತ್ರೆ ಮ್ಯಾಲೇ ಬರೆದು ವಾಪಸು ಕೊಡೋದು ಅವರ ಹಳೇ ರೂಢಿ, ನಾಳೆ ಇವನೇ ಕೆಡಿಸಿದ ಅನ್ನಬಾರದು ಅಂತ. ಅವರು ಓದಿದ್ದು ಉರ್ದು ಶಾಲೇಲಿ. ಕನ್ನಡದಾಗೆ ಹೆಸರು ಕೊರೆಯೋದು ಗಿರಾಕಿ ಬರೆದುಕೊಟ್ಟ ಚೀಟಿ ನೋಡಿ. ಒಬ್ಬ ಕುಕ್ಕರ್ ತಂದು ಬೋಲ್ಟು ಜಡಿ ಅಂದಿದ್ನಂತೆ, ಕ್ಯಾಂಟೀನಿನದು ಅಂದಿದ್ನಂತೆ. ಇವರು ಆಗಲ್ಲ ಅಂದ್ರು. ಇದೇನು ಗೀಚಿದ್ದು ಅಂತ ಅವನು ಕೇಳಿದಾಗ ಕನ್ನಡದಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದ್ರು. ಅದಕ್ಕೆ ಅವನು ಅಂದಿದ್ದು ಇದು:

'ಬರ್ಕಳ್ರಿ ಸಾಬ್ರೇ, ಅಲ್ಲಿ ಯಾರು ಓದ್ತಾರೆ.'

ಆಮ್ಯಾಲೆ ಬ್ಯಾರೆ ಎಲ್ಲೋ ಬೋಲ್ಟು ಜಡಿಸ್ಯಾನೆ. ಗೊತ್ತಿದ್ದೂ ಜಡಿಸ್ಯಾನೆ. ಆ ಬೋಲ್ಟೂ, ಈ ಬರಹಾನೂ ಒಂದೇ ಮುಚ್ಚಳದ ಮ್ಯಾಲೆ ಅವೆ. ಅವನೇ ನಿಮ್ಮ ಸೂಪರ್‌ವೈಸರ್, ಅದಕ್ಕೇ ನಿಮ್ಮ ಅಟ್ಟ ಹತ್ತಿದ್ದು.

ಮತ್ ಅಂದ್ರೆ ನಮ್ಮಲ್ಲಿ ಬ್ಯಾಡ ಅಂತ. ನಿಮ್ಮ ಮಾತಿನಾಗೆ ಮತ್ ಅಂದ್ರೆ ಮತ್ತೆ, ಇನ್ನೊಂದ್ಸಲ. ಒಂದೇ ಓಣಿ ನೀರು ಕುಡಿದು ಬೆಳೆದಿದ್ದೀವಿ. ಈ ಒಂದು ಅಕ್ಷರ ಒಬ್ಬರದ್ದೊಬ್ಬರು ಕಲೀಲಿಲ್ಲ. ಟ್ರಸ್ಟಿನೋರಿಗೆ ಅದು ಗೊತ್ತಿತ್ತು ಕಣೆ. ನಾವು ಓದಿಕೊಳ್ಳಲ್ಲ ಅನ್ನೋದರ ಮ್ಯಾಲೇ ಅವರ ಸಂಸಾರ ನಡೀತೈತೆ.

ನಮ್ಮ ಮನೆಯೋರು ಅವತ್ತಿನಿಂದ ಅಂಗಡಿ ತೆಗೆದಿಲ್ಲ. ಕೊರೆಯೋ ಮಷಿನು ಬಟ್ಟೇಲಿ ಸುತ್ತಿಟ್ಟಾರೆ.

ಮುಚ್ಚಳದ ಅಕ್ಷರದ ಮಾತಿದ್ದ ನಿನ್ನ ಜೂನ್ ತಿಂಗಳ ಕಾಗದ ತೆಗೆದು ಮತ್ತೆ ಓದಿದೆ. ಅದರ ಬಗ್ಗೆ ಬರೆಯಲ್ಲ.

ಬೀಬಿ

*

ಗುತ್ತೂರು
೧೧ ಡಿಸೆಂಬರ್ ೨೦೨೫

ಬೀಬಕ್ಕಾ,

ಜೂನ್ ಕಾಗದದ ಮಾತು ನಾನೂ ಎತ್ತಲ್ಲ. ಆ ತಪ್ಪು ನಿನ್ನದೂ ಅಲ್ಲ, ನಿಮ್ಮ ಮನೆಯೋರದೂ ಅಲ್ಲ, ಶಾಂತಲಾದೂ ಅಲ್ಲ. ಕೇಳಿ ತಿಳಿದುಕೊಂಡ ಮ್ಯಾಲೂ ಒಲೆ ಮ್ಯಾಲೆ ಇಡಿಸಿದೋನದು. ಇಷ್ಟನ್ನ ನೂರು ಸಲ ಬರೆದು ನನ್ನ ಗೋಡೆಗೆ ಅಂಟಿಸಿಕೊಂಡ್ರೂ ಮುಂಜಾನೆ ಎದ್ದಾಗ ಮರೀತೈತೆ. ಮತ್ತೆ ಹೇಳಿಕೋತೀನಿ.

ಕೆಲಸ ಹೋಯ್ತು. ಅದು ನಿನಗೆ ಗಣೇಶ ಹೇಳಿರಬೇಕು.

ನಿನ್ನ ಕಾಗದ ಬಂದ ದಿನವೇ ಮುಚ್ಚಳ ಗೋಣಿಚೀಲದಾಗೆ ಹಾಕ್ಕೊಂಡು ನಾಗರತ್ನಮ್ಮನ ಮನೆಗೆ ಹೋದೆ. ಅವಳ ಮುಂದೆ ನೆಲದ ಮ್ಯಾಲಿಟ್ಟೆ. ನೀನು ಬರೆದಿದ್ದನ್ನ ಒಂದೊಂದೇ ಮಾತು ಬೆರಳಿಟ್ಟು ಓದಿದೆ. ಬೋಲ್ಟು ಹಾಕಬ್ಯಾಡ್ರಿ. ಒಲೆ ಮ್ಯಾಲೆ ಇಡಬ್ಯಾಡ್ರಿ. ಅವಳು ಬೋಲ್ಟು ಮುಟ್ಟಿ ನೋಡಿದ್ಲು. ಆಮ್ಯಾಲೆ ಚುಕ್ಕಿ ಮುಟ್ಟಿದ್ಲು. ಬೆರಳು ಕೆಂಪಾತು.

'ಬ್ಯಾಡ ಅಂದಿದ್ದಕ್ಕೆ ನನ್ನ ಮಗಳು ಕುಂಕುಮ ಹಚ್ಚಿದ್ಲಾ' ಅಂದ್ಲು.

ಅಷ್ಟೇ. ಮರುದಿನದಿಂದ ಸಹಿ ಮಾತು ಎತ್ತಲಿಲ್ಲ. ಟ್ರಸ್ಟಿನೋರು ಅವಳ ಮನೆಗೆ ಅಕ್ಕಿ ಮೂಟೆ ಕಳಿಸಿದ್ರು, ಬಾಗಿಲಾಗೇ ಬಿಟ್ಲು. ಅದು ದನ ತಿಂದ್ವು. ಅವಳು, ಕೂಸು ಆವತ್ತು ಏನು ಉಂಡ್ರೋ ನಾನು ಕೇಳಲಿಲ್ಲ. ಗೆದ್ದೀವಿ ಅಂತ ತಿಳೀಬ್ಯಾಡ. ಟ್ರಸ್ಟಿನೋರು ವಕೀಲರನ್ನ ಇಟ್ಟಾರೆ. ಅಡುಗೆಮನೇಲಿ ಈಗ ಹೊಸ ಕುಕ್ಕರ್ ಬಂದೈತಂತೆ, ಹೊಸ ಹೆಂಗಸರೂ ಬಂದಾರಂತೆ. ಕೈಗವಸು ಇನ್ನೂ ಇಲ್ಲ.

ನಮ್ಮ ಅರ್ಜಿ ಕಾರ್ಮಿಕ ಅಧಿಕಾರಿಗಳು ತಗೊಂಡಾರೆ, ವಿಚಾರಣೆಗೆ ಕರೆದಾರೆ. ನಮ್ಮ ಪರ ನಿಂತ ಕಾರ್ಮಿಕರ ಸಂಘದ ವಕೀಲಮ್ಮ ಹೇಳಿದ್ದು, ಮುಚ್ಚಳ ಒಂದೇ ಸಾಲದು, ಕೊರೆದೋರು ಬಂದು ಇದು ನನ್ನ ಕೈಬರಹ, ಇದನ್ನ ಅವನಿಗೆ ಕನ್ನಡದಾಗೆ ಹೇಳಿದ್ದೆ ಅನ್ನಬೇಕು. ಹಯಾತ್ ಸಾಬರಿಗೆ ನಾನು ಹೆಂಗೆ ಹೇಳಲಿ? ಅಂಗಡಿ ಮುಚ್ಚಿಸ್ತೀವಿ ಅಂತ ಅವರಿಗೆ ಬೆದರಿಕೆ ಬಂದಿದ್ದೂ ಗೊತ್ತು. ನೀನೇ ಕೇಳು. ಬರಲ್ಲ ಅಂದ್ರೆ ತಪ್ಪು ತಿಳಿಯಲ್ಲ. ಬಂದ್ರೆ ಆ ಕೊರೆಯೋ ಮಷಿನು ಬಟ್ಟೆಯಿಂದ ಬಿಚ್ಚಿ ತರಲಿ. ಹೊಸ ಕುಕ್ಕರಿನ ಮ್ಯಾಲೂ ಬರೆಯೋದು ಐತೆ, ಈ ಸಲ ಎರಡೂ ಅಕ್ಷರದಾಗೆ.

ಮತ್ ಅನ್ನೋದನ್ನ ನಿಮ್ಮ ಲಿಪೀಲಿ ಬರೆಯಾಕೆ ಕಲಿತೀನಿ. ಮುಚ್ಚಳ ನೋಡ್ಕೊಂಡು ಇದ್ದಿಲಿನಾಗೆ ಬಚ್ಚಲ ಗೋಡೆ ಮ್ಯಾಲೆ ಬರೆದು ಬರೆದು ಕಲಿತೆ. ಕೀರ್ತನಾನೂ ಕಲಿತಾಳೆ.

ಮುಚ್ಚಳ ನಾನು ಹೊತ್ತು ತರ್ತೀನಿ. ನಾಗರತ್ನಮ್ಮ ಬರ್ತಾಳೆ. ಕುಂಕುಮ ಒರೆಸಿಲ್ಲ. ಅಧಿಕಾರಿಗಳ ಎದುರು ಓದಾಕೆ ನೀನು ಬೇಕು. ಬಿದಿರು ಬುಟ್ಟಿ ತಗೊಂಡು ಬಾ, ಅದನ್ನೂ ಅವರು ನೋಡಲಿ.

ನಿನ್ನ
ಉಡಚಿ

ದಾವಣಗೆರೆ ಕಾರ್ಮಿಕ ಕಚೇರಿ ಮೆಟ್ಟಿಲ ಹತ್ರ. ಡಿಸೆಂಬರ್ ಹದಿನೈದು, ಸೋಮವಾರ, ಬೆಳಿಗ್ಗೆ ಹತ್ತೂವರೆ.